ಬೆನ್ನು ತಿರುಗಿಸಿ ಹಿಡಿದ ಬೆಳಕು

ಹೋದ ವಾರ ಸಿಂಧನೂರಿನ ದವಾಖಾನೆಯಲ್ಲಿ ನನ್ನ ಮರಿಮೊಮ್ಮಗಳಿಗೆ ಚುಚ್ಚುಮದ್ದು ಹಾಕಿಸಿದೆವು. ಕೂಸು ನನ್ನ ತೊಡೆಯ ಮೇಲೇ ಇತ್ತು. ಇನ್ನೊಬ್ಬರ ತೊಡೆಗೆ ನಾನು ಬಿಟ್ಟುಕೊಟ್ಟರೆ ತಾನೆ! ನರ್ಸಮ್ಮ ಹತ್ತಿಯನ್ನು ಸ್ಪಿರಿಟ್‌ನಲ್ಲಿ ಅದ್ದಿ ಆ ಬೆಣ್ಣೆಯಂಥ ಕಾಲಿಗೆ ಒರೆಸಿದಳು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನನ್ನ ಕುತ್ತಿಗೆ ತಾನಾಗಿ ಬಿಗಿಯಿತು. ಕಣ್ಣು ಎದುರಿನ ಗೋಡೆಗೆ ನೆಟ್ಟವು. ಕೂಸು ಚೀರಿತು, ಸೂಜಿ ಹೊರಗೆ ಬಂತು, ಹೊರಗೆ ಕೂತಿದ್ದವರೆಲ್ಲ ತಿರುಗಿ ನೋಡಿದರು. ನಾನು ಮಾತ್ರ ಹಾಗೇ ಕೂತಿದ್ದೆ.

"ತಾತ, ಸೂಜಿ ಹಾಕಿದ್ದು ಇಕಿಗೆ. ನೀ ಯಾಕ ಕಲ್ಲಾಗಿ ಕುಂತಿ?" ಅಂದಳು ನನ್ನ ಮೊಮ್ಮಗಳು ಸಂಘಮಿತ್ರಾ. ನಾವು ಅವಳನ್ನು ಮಿತ್ರಾ ಅಂತ ಕರೆಯುತ್ತೇವೆ. ಅಂದವಳು ನನ್ನ ಮುಖ ನೋಡಿದಳು, ನರ್ಸಮ್ಮನ ಕೈಯಲ್ಲಿದ್ದ ಹತ್ತಿ ನೋಡಿದಳು. ಆಮೇಲೆ ಕೂಸಿನ ಕೈಯನ್ನು ನನ್ನ ಬೆರಳಿಗೆ ಸಿಗಿಸಿದಳು.

ಸ್ಪಿರಿಟ್ ವಾಸನೆ ಅಂದರೆ ನನಗೆ ದವಾಖಾನೆಯಲ್ಲ, ಗ್ಯಾಸ್‌ಬತ್ತಿ. ಈಗಿನವರು ಅದನ್ನು ನೋಡಿರಲಿಕ್ಕಿಲ್ಲ. ಅದನ್ನು ಹೊತ್ತಿಸುವ ಮೊದಲು ಒಳಗಿನ ಸಣ್ಣ ಬಟ್ಟಲಿಗೆ ಸ್ಪಿರಿಟ್ ಹಾಕಿ ಕಡ್ಡಿ ಗೀರುತ್ತಿದ್ದರು. ನೀಲಿ ಉರಿ ಎದ್ದು ಕೊಳವೆ ಕಾದ ಮೇಲೆ ಪಂಪು ಹೊಡೆದರೆ ಜಾಳಿಗೆಯಂಥ ಬತ್ತಿ ಭುಸ್ ಅಂತ ಬೆಳ್ಳಗೆ ಹೊತ್ತಿಕೊಳ್ಳುತ್ತಿತ್ತು. ಕರೆಂಟು ಎಲ್ಲರ ಮನೆಗೂ ಬಂದಿರದ ಕಾಲ. ಸಿಂಧನೂರಿನ ದೊಡ್ಡ ಮನೆಗಳಲ್ಲಿ ಮದುವೆಯಾದರೆ ಮದುಮಗನ ಕುದುರೆಯ ಮುಂದೆ ಆ ಬತ್ತಿಗಳನ್ನು ಹೊತ್ತು ನಡೆಯುವ ಕೆಲಸ ನಮ್ಮ ಕೇರಿಯವರದು. ನಮ್ಮಪ್ಪ ಹೊರುತ್ತಿದ್ದ. ಅವನ ಕುತ್ತಿಗೆ ಹಿಡಿದುಕೊಂಡ ವರ್ಷ ನನ್ನ ತಲೆಗೆ ಸಿಂಬಿ ಸುತ್ತಿ ಬತ್ತಿ ಇಟ್ಟರು. ನಾನು ಮೂರನೇ ಇಯತ್ತೆ ಬಿಟ್ಟದ್ದೂ ಆಗಲೇ.

ತಲೆಯ ಮೇಲಿನ ಬೆಂಕಿಗೆ ನೆತ್ತಿ ಕಾಯುತ್ತಿತ್ತು. ಸೀಮೆಎಣ್ಣೆ ಕಿವಿಯ ಹಿಂದೆ ಇಳಿಯುತ್ತಿತ್ತು. ಹುಳಗಳು ಮುಖಕ್ಕೆ ಬಡಿಯುತ್ತಿದ್ದವು. ಅವನ್ನೆಲ್ಲ ತಡೆದುಕೊಳ್ಳಬಹುದಿತ್ತು. ಆದರೆ ಒಂದು ಕಟ್ಟಳೆ ಇತ್ತು: ಬತ್ತಿ ಹೊತ್ತವನು ಹಿಂದೆ ತಿರುಗುವಂತಿಲ್ಲ. ತಿರುಗಿದರೆ ಬೆಳಕು ಅಲ್ಲಾಡುತ್ತದೆ, ಕುದುರೆ ಬೆದರುತ್ತದೆ ಅಂತ ಒಂದು ಕಾರಣ. ಮದುಮಗನ ಮುಖವನ್ನು ನಮ್ಮಂಥವರು ನೆಟ್ಟ ಕಣ್ಣಿಂದ ನೋಡಬಾರದು ಅನ್ನುವುದು ಬಾಯಿಬಿಟ್ಟು ಹೇಳದ ಇನ್ನೊಂದು ಕಾರಣ. ಅಷ್ಟು ಮದುವೆಗಳ ಮುಂದೆ ನಡೆದರೂ ಒಬ್ಬ ಮದುಮಗನ ಮುಖವನ್ನೂ ನಾನು ನೋಡಲಿಲ್ಲ. ಸಾಹುಕಾರರ ಮನೆಯ ದೊಡ್ಡ ಮಗನ ಮೆರವಣಿಗೆಯಲ್ಲಿ ಒಮ್ಮೆ ಡೊಳ್ಳಿನವರ ಕುಣಿತ ನೋಡಲು ಕತ್ತು ಹೊರಳಿಸಿದ್ದೆ. ಕುದುರೆಯ ಮೇಲಿಂದ ಮದುಮಗನೇ ಗದರಿದ, "ಲೇ ಬೆಳಕಿನವನ, ಮುಂದ ನೋಡಿ ನಡಿ!" ಅವನ ದನಿ ಗಡಿಗೆಯೊಳಗಿಂದ ಬಂದ ಹಾಗೆ ಗುಂಯ್ ಅನ್ನುತ್ತಿತ್ತು. ಮುಖ ನೋಡದಿದ್ದರೂ ಆ ದನಿ ನನ್ನ ಬೆನ್ನಿಗೆ ಅಂಟಿಕೊಂಡಿತು.

ಆಮೇಲೆ ಕಾಲುವೆ ದುರಸ್ತಿಯ ಗ್ಯಾಂಗಿನಲ್ಲಿ ಕೆಲಸ ಸಿಕ್ಕಿತು, ಮದುವೆಯಾಯಿತು, ಮಗ ನಾಗರಾಜ ಓದಿ ಮಾಸ್ತರನಾದ. ಅವನಿಗೆ ಮಸ್ಕಿಯ ಶಾಲೆಯಲ್ಲಿ ನೌಕರಿ. ನಾವೆಲ್ಲ ಅಲ್ಲಿಗೇ ಬಂದೆವು. ಅವನೊಂದಿಗೇ ನಮ್ಮ ಮನೆಗೆ ಬುದ್ಧನೂ ಬಂದ. ಗ್ಯಾಸ್‌ಬತ್ತಿಯ ಮಾತು ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ. ಚಿಕ್ಕವನಿದ್ದಾಗ ನಾಗರಾಜನನ್ನು ಶಾಲೆಯ ಹುಡುಗರು "ಬತ್ತಿ ಹುಲಿಗ್ಯಾನ ಮಗ" ಅಂತ ಕಾಡಿಸಿದ್ದರು. ಅವನು ಮನೆಗೆ ಬಂದು ಅಳಲಿಲ್ಲ, ಊಟ ಬಿಟ್ಟು ಪುಸ್ತಕ ಹಿಡಿದು ಕೂತಿದ್ದ. ಅದು ನನಗೆ ನೆನಪಿದೆ, ಅವನಿಗೂ ನೆನಪಿದೆ. ನಾವಿಬ್ಬರೂ ನೆನಪಿಲ್ಲದವರ ಹಾಗೆ ಇದ್ದೆವು.

ಈಗ ಹೇಳಬೇಕಾದದ್ದು ನಾಲ್ಕೈದು ವರ್ಷದ ಹಿಂದಿನ ಒಂದು ಬೇಸಿಗೆಯದು. ಮಿತ್ರಾ ಸಿಂಧನೂರಿನಲ್ಲಿ ಡಿಗ್ರಿ ಮುಗಿಸಿ ಮನೆಗೆ ಬಂದಿದ್ದಳು. ಗೆಳತಿಯೊಬ್ಬಳ ಹಳೇ ಕ್ಯಾಮೆರಾ ಅವಳ ಕೊರಳಲ್ಲಿ ತಾಳಿಯ ಹಾಗೆ ನೇತಾಡುತ್ತಿತ್ತು. ಅವರಪ್ಪ ಹೇಳಿಬಿಟ್ಟಿದ್ದ, "ಈ ಬ್ಯಾಸಗಿ ಮುಗಿಯೋತನಕ ನೋಡು. ಮಂದಿ ತಾವಾಗೇ ಕರದ್ರ ಮುಂದುವರಿ. ಇಲ್ಲಂದ್ರ ಬಿ.ಎಡ್. ಸೇರು. ಆಮ್ಯಾಲೆ ಕ್ಯಾಮೆರಾದ ಸುದ್ದಿ ತಗೀಬಾರ್ದು." ಮಿತ್ರಾ ಆಯ್ತು ಅಂದಳು. ಅವಳು ಆಯ್ತು ಅಂದದ್ದು ಎಂಥ ಹಟದಿಂದ ಅಂತ ನನಗೊಬ್ಬನಿಗೇ ಗೊತ್ತಾಯಿತು, ಯಾಕೆಂದರೆ ಆ ಹಟ ನನ್ನ ಹೆಂಡತಿ ದುರುಗಮ್ಮನದು.

ಹಗಲಿನ ಮದುವೆ, ಕಲ್ಯಾಣ ಮಂಟಪ, ಇವೆಲ್ಲ ಪೇಟೆಯ ದೊಡ್ಡ ಸ್ಟುಡಿಯೋಗಳ ಪಾಲು. ಹೊಸ ಹುಡುಗಿಗೆ ಉಳಿಯುವುದು ಹೊತ್ತು ಮುಳುಗಿದ ಮೇಲಿನ ಬಯಲಿನ ಕಾರ್ಯಕ್ರಮಗಳು. ನಮ್ಮ ಕಡೆಯ ಬಿಸಿಲಿಗೆ ಹೆದರಿ ಹುಟ್ಟುಹಬ್ಬ, ಸತ್ಕಾರ, ಬೀಗರ ಊಟ ಎಲ್ಲವನ್ನೂ ಮಂದಿ ಕತ್ತಲಾದ ಮೇಲೇ ಇಟ್ಟುಕೊಳ್ಳುತ್ತಾರೆ. ಕತ್ತಲಲ್ಲಿ ಮನುಷ್ಯರ ಫೋಟೋ ತೆಗೆಯುವುದು ಹುಡುಗಾಟವಲ್ಲ. ಫ್ಲ್ಯಾಶ್ ಅಂದರೆ ಮಿತ್ರಾಗೆ ಸಿಟ್ಟು. "ಅದನ್ನ ಹೊಡದ್ರ ಮುಖಕ್ಕ ಸುಣ್ಣ ಬಳದಂಗ ಆಗ್ತೈತಿ ತಾತ. ನಮ್ಮಂಥ ಕಪ್ಪು ಮಂದಿದು ಹಲ್ಲಷ್ಟೇ ಕಾಣ್ತಾವು. ಬೆಳಕು ಬಾಜೂಕಿಂದ ಬರಬೇಕು, ಅವ್ವ ಗಲ್ಲ ಸವರಿದಂಗ ಬರಬೇಕು." ಅದಕ್ಕೆ ಅವಳ ಹತ್ತಿರ ಬ್ಯಾಟರಿಯ ಒಂದು ದೀಪದ ಹಲಗೆ ಇತ್ತು, ಉದ್ದ ಕೋಲಿಗೆ ಸಿಗಿಸುವಂಥದ್ದು. ಅದನ್ನು ಹಿಡಿಯುತ್ತಿದ್ದ ಗೆಳತಿಗೆ ಮದುವೆ ಗೊತ್ತಾಗಿ ಅವಳು ಹೊರಟುಹೋದಳು.

"ತಾತ, ನೀ ಹಿಡಿತೀಯೇನು?" ಅಂತ ಕೇಳಿದಳು ಒಂದು ಸಂಜೆ.

ನಾನು ಆ ಕೋಲು ನೋಡಿದೆ. ಕೈ ಹಿಂದೆ ಕಟ್ಟಿಕೊಂಡೆ. ಆದರೆ ಕೇಳಿದವಳು ಯಾರು? ಹುಟ್ಟಿದ ದಿನ ನನ್ನ ಟವೆಲಿನಲ್ಲೇ ಸುತ್ತಿ ನನ್ನ ಕೈಗೆ ಕೊಟ್ಟ ಕೂಸು. ಅವಳು ಬಾವಿಗೆ ಇಳಿ ಅಂದರೂ ಹಗ್ಗ ಎಲ್ಲಿದೆ ಅಂತ ಕೇಳುವವನು ನಾನು. "ಹಿಡಿತೀನಿ ಬಿಡವಾ" ಅಂದೆ. "ನಿಮ್ಮಪ್ಪಗ ಮಾತ್ರ ಹೇಳಬ್ಯಾಡ. ಜೊತಿಗೆ ಹೊಂಟೀನಿ ಅಂತ ಹೇಳು."

ಅಂಗಳದಲ್ಲಿ ಕಲಿಕೆ ನಡೆಯಿತು. ಮಾಸ್ತರ ಮನೆಯಲ್ಲಿಲ್ಲದ ಹೊತ್ತು ನೋಡಿ ದುರುಗಮ್ಮನನ್ನು ಕಟ್ಟೆಯ ಮೇಲೆ ಕೂರಿಸಿದೆವು. ನಾನು ಕೋಲು ಹಿಡಿದು ನಿಂತೆ.

"ಏನ್ ಮುದುಕಾ, ಹೆಣದ ಮುಂದ ದೀಪಾ ಇಟ್ಟಂಗ ಕಾಲಕಡಿ ಹಿಡದೀಯಲ್ಲ! ನಾ ಇನ್ನಾ ಅದೀನಿ, ಮ್ಯಾಲೆ ಎತ್ತು."

"ಎತ್ತಿದ್ರ ನಿನ್ನ ಸುಕ್ಕು ಕಾಣ್ತಾವ" ಅಂದೆ.

"ಕಾಣ್ಲಿ. ನಿನ್ನ ಕಟ್ಟಿಕೊಂಡು ಬಂದಾವು, ಪುಗಸಟ್ಟೆ ಬಂದಿಲ್ಲ."

ಮಿತ್ರಾ ನಗುತ್ತಾ ನನ್ನ ಮೊಣಕೈ ಹಿಡಿದು ಸರಿಮಾಡಿದಳು. "ತಾತ, ಒಂದ ಮಾತು ನೆನಪಿಟ್ಕೋ. ನಾ ತಗಿಯೋ ಮುಖಾನ ನೀನೂ ನೋಡು. ನೀ ಯಾರ ಕಡಿ ನೋಡ್ತಿ, ಬೆಳಕು ಅವರ ಕಡಿ ಹೋಗ್ತೈತಿ."

ಸುಲಭದ ಮಾತು ಅನ್ನಿಸಿತು. ದುರುಗಮ್ಮನ ಮುಖ ನೋಡಿದೆ. ಇಷ್ಟು ವರ್ಷ ಒಲೆಯ ಹೊಗೆಯಲ್ಲಿ ನೋಡಿದ ಮುಖ, ಆ ಬೆಳಕಿನಲ್ಲಿ ನೋಡಿದರೆ ಮದುವೆಯ ಮಾತಿಗೆ ಹೋದಾಗ ಬಾಗಿಲ ಸಂದಿನಲ್ಲಿ ಕಂಡ ಹುಡುಗಿಯದೇ ಆಗಿತ್ತು. ನನಗೆ ನಾಚಿಕೆಯಾಗಿ ಕಣ್ಣು ಕೆಳಗಿಳಿಸಿದೆ. ಬೆಳಕೂ ಕೆಳಗಿಳಿಯಿತು. "ನೋಡಿದಿಲ್ಲೋ!" ಅಂತ ಚಪ್ಪಾಳೆ ತಟ್ಟಿದಳು ಮಿತ್ರಾ.

ನಮ್ಮನ್ನು ಊರೂರಿಗೆ ಕರೆದೊಯ್ಯುತ್ತಿದ್ದವನು ಆಟೋದ ಖಾಜಾ, ನಮ್ಮ ಓಣಿಯವನೇ. ನಾನು ತಲೆಗೂ ಬಾಯಿಗೂ ಸೇರಿಸಿ ಟವೆಲ್ ಸುತ್ತಿಕೊಂಡು ಕೂರುತ್ತಿದ್ದೆ. ಹುಳಕ್ಕೆ ಅಂತ ಹೇಳುತ್ತಿದ್ದೆ. ನಿಜವೇನೆಂದರೆ, ಸಿಂಧನೂರಿನ ಕಡೆಯ ಯಾರಾದರೂ ನೋಡಿ "ಇಂವ ಬತ್ತಿ ಹುಲಿಗ್ಯಾ ಅಲ್ಲೇನು, ಇನ್ನಾ ಅದ ಕೆಲಸೇನು" ಅಂದುಬಿಟ್ಟರೆ? ಆ ಮಾತು ನಾಗರಾಜನ ಕಿವಿಗೆ ಬಿದ್ದರೆ? ಟವೆಲಿನೊಳಗೆ ನನ್ನ ಉಸಿರು ನನಗೇ ಬಡಿಯುತ್ತಿತ್ತು.

ಗೊರೇಬಾಳದಲ್ಲಿ ಒಂದು ಹುಟ್ಟುಹಬ್ಬ. ಗದ್ದೆಯ ಅಂಚಿನ ಕಣದಲ್ಲಿ ಮೇಜು ಇಟ್ಟಿದ್ದರು. ಎರಡನೇ ಬೆಳೆ ಕೊಯ್ಲಿಗೆ ಬಂದಿತ್ತು, ಕಾಲುವೆಯ ತೇವ ಬೇರೆ. ನಾನು ದೀಪ ಹಾಕಿದ್ದೇ ತಡ, ಗದ್ದೆಯ ಹುಳವೆಲ್ಲ ಆಮಂತ್ರಣ ಬಂದ ಹಾಗೆ ಎದ್ದು ಬಂದವು. ಕಣ್ಣುಮುಚ್ಚಿ ತೆರೆಯುವುದರೊಳಗೆ ಬಿಳಿ ಕೇಕು ಕಪ್ಪಾಯಿತು. ಆಟೋದ ಹತ್ತಿರ ನಿಂತಿದ್ದ ಖಾಜಾ ಇಣುಕಿ ನೋಡಿ, "ಕಾಕಾ, ಕೇಕಿಗೆ ಜೀರಿಗಿ ಒಗ್ಗರಣಿ ಹಾಕ್ಯಾರೇನು?" ಅಂದ. ಹುಟ್ಟುಹಬ್ಬದ ಕೂಸಿನ ತಾಯಿ ಮೊದಲು ನಕ್ಕಳು. ಕೂಸನ್ನು ಸೊಂಟದ ಮೇಲಿಟ್ಟುಕೊಂಡು ತಲೆ ಹಿಂದಕ್ಕೆ ಹಾಕಿ, ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕಳು. ನಾನು ಅವಳನ್ನೇ ನೋಡಿದೆ, ಬೆಳಕು ಅವಳ ಮೇಲೇ ನಿಂತಿತು, ಮಿತ್ರಾ ತೆಗೆದುಕೊಂಡಳು.

ಆ ನಗುವಿನ ಫೋಟೋ ಒಬ್ಬರ ಫೋನಿನಿಂದ ಒಬ್ಬರಿಗೆ ಹೋಯಿತು. ಹಾಗೆ ಹೋಗಿ ಹೋಗಿ ಲಿಂಗಸುಗೂರಿನ ಆಚೆಯ ಗುರುಗುಂಟಾಕ್ಕೆ ಮುಟ್ಟಿ, ಅಲ್ಲಿಂದ ಮದುವೆಯ ಮನೆಯವರೊಬ್ಬರು ಮಿತ್ರಾಗೆ ಫೋನು ಮಾಡಿದರು. ಹೆಣ್ಣಿನ ಮನೆಯವರು. ಗಂಡಿನ ಕಡೆಯವರು ಹಿಂದಿನ ಸಂಜೆಯೇ ಬರುತ್ತಾರೆ, ಊರ ಹೊರಗೆ ಅವರನ್ನು ಎದುರುಗೊಳ್ಳುವ ಶಾಸ್ತ್ರ ಇದೆ, ಮೊದಲು ಅದನ್ನು ತೆಗಿ, ನೋಡಿ ಚೆನ್ನಾಗಿದ್ದರೆ ಮರುದಿನದ ಮದುವೆಯೂ ನಿನ್ನದೇ ಅಂದರು. ಮಿತ್ರಾ ಮನೆಯ ತುಂಬ ಕುಣಿದಳು. ನಾಗರಾಜ ಕೂಡ ಪೇಪರು ಕೆಳಗಿಟ್ಟು ಹೇಳಿದ, "ಈ ಮದಿವಿ ಸುಸೂತ್ರ ಆದ್ರ ನಾ ಮತ್ತ ಅಡ್ಡ ಬರಂಗಿಲ್ಲ." ಅವಳ ಮುಂದಿನ ದಾರಿಯೆಲ್ಲ ಆ ಒಂದು ಸಂಜೆಯ ಮೇಲೆ ನಿಂತಿತು. ಆ ಸಂಜೆ ನನ್ನ ಕೈಯಲ್ಲಿನ ದೀಪದ ಮೇಲೆ ನಿಂತಿತು.

ಗುರುಗುಂಟಾಕ್ಕೆ ನಾವು ಹೋದಾಗ ಹಿಂದಿನ ದಿನದ ಗಾಳಿಗೆ ತಂತಿ ಹರಿದು ಊರಿನ ಆ ಭಾಗಕ್ಕೆ ಕರೆಂಟು ಇರಲಿಲ್ಲ. ಮಂಟಪಕ್ಕಷ್ಟೇ ಜನರೇಟರ್ ತಂದಿದ್ದರು. ಬೀಗರ ಬಸ್ಸು ತಡವಾಯಿತು. ಹೊತ್ತು ಮುಳುಗಿ, ಹೊಲಗಳ ಗುರುತೂ ಅಳಿಸಿತು. ಊರ ಅಂಚಿನ ಬೇವಿನ ಗಿಡದ ಕೆಳಗೆ ಹೆಣ್ಣುಮಕ್ಕಳು ಆರತಿ ತಟ್ಟೆ ಹಿಡಿದು ನಿಂತಿದ್ದರು. ಹೆಣ್ಣಿನ ಅಜ್ಜಿ, ನಡೆಯಲಾಗದವಳು, ಕುರ್ಚಿಯಲ್ಲಿ ಕೂತು ಬೀಗರ ಬಾಯಿಗೆ ಹಾಕಲು ಸಕ್ಕರೆ ಬಟ್ಟಲು ಇಟ್ಟುಕೊಂಡಿದ್ದಳು. ನಾನು ಒಬ್ಬೊಬ್ಬರ ಮುಖ ನೋಡುತ್ತಾ ಹೋದೆ, ಮಿತ್ರಾ ತೆಗೆಯುತ್ತಾ ಬಂದಳು. "ಹಾಂ ತಾತ, ಬೇಷ್, ಹಿಂಗ" ಅನ್ನುತ್ತಿದ್ದಳು.

ಬಸ್ಸು ಬಂತು. ಬ್ಯಾಂಡು ಶುರುವಾಯಿತು. ಮದುಮಗ ಇಳಿದ, ಅವನ ಮಂದಿ ಇಳಿದರು. ಕಡೆಗೆ ಒಬ್ಬ ಹಿರಿಯರು ಕೋಲೂರಿಕೊಂಡು ಇಳಿದು, ಕತ್ತಲೆಗೆ ಕಣ್ಣು ಕಿರಿದು ಮಾಡಿ, ನನ್ನ ಕೈಯ ದೀಪ ನೋಡಿ ಹೇಳಿದರು:

"ಬೆಳಕಿನವನ, ಮುಂದ ನಡಿಯಪಾ. ದಾರಿ ಕಾಣವಲ್ದು."

ಗಡಿಗೆಯೊಳಗಿಂದ ಬಂದ ಹಾಗೆ ಗುಂಯ್ ಅನ್ನುವ ದನಿ. ಗಂಡಿನ ಕಡೆಯವರು ಸಿಂಧನೂರಿನವರು ಅಂತ ಗೊತ್ತಿತ್ತು. ಸಾಹುಕಾರರ ಮನೆ ಅಂತ ಗೊತ್ತಿರಲಿಲ್ಲ. ಅಂದು ಕುದುರೆಯ ಮೇಲಿದ್ದವರು ಇಂದು ಮದುಮಗನ ಅಜ್ಜ ಆಗಿದ್ದರು. ಅವರು ಗದರಿ ಹೇಳಲಿಲ್ಲ. ವಯಸ್ಸಾದವರು, ಎಡವುವ ಭಯಕ್ಕೆ ಒಳ್ಳೆಯ ಮಾತಿನಲ್ಲೇ ಹೇಳಿದರು. ಅವರಿಗೆ ನನ್ನ ಗುರುತೂ ಇರಲಿಲ್ಲ.

ನನ್ನ ಕಾಲು ತಿರುಗಿದವು. ನಾನು ತಿರುಗಿಸಲಿಲ್ಲ, ತಾವೇ ತಿರುಗಿದವು. ಎಲ್ಲರಿಗೂ ಬೆನ್ನು ಮಾಡಿ, ದೀಪವನ್ನು ತಲೆಗಿಂತ ಮೇಲೆ ಎತ್ತಿ, ದಾರಿಗೆ ಹಿಡಿದು ನಡೆದೆ. ಕುತ್ತಿಗೆ ಬಿಗಿಯಿತು. ನೆತ್ತಿಯ ಮೇಲೆ ಏನೂ ಇಲ್ಲದಿದ್ದರೂ ಕಾಯತೊಡಗಿತು. ಹಿಂದೆ ಜಯಕಾರ, ನಗು, ಅಜ್ಜಿಯ ಸುತ್ತ ಹೆಂಗಸರ ಗದ್ದಲ, ಬೀಗರು ಬೀಗರು ತಬ್ಬಿಕೊಂಡ ಸದ್ದು. ಎಲ್ಲವೂ ನನ್ನ ಬೆನ್ನ ಹಿಂದೆ ಆಗುತ್ತಿತ್ತು.

"ತಾತ! ತಿರುಗು! ಈ ಕಡಿ ತಿರುಗು!"

ಬ್ಯಾಂಡಿನ ಸದ್ದಿನಲ್ಲಿ ಕೇಳಿಸಲಿಲ್ಲ ಅಂತ ಹೇಳಿದರೆ ಯಾರೂ ಇಲ್ಲ ಅನ್ನಲಾರರು. ಆದರೆ ಕೇಳಿಸಿತು. ಮತ್ತೆ ಮತ್ತೆ ಕೇಳಿಸಿತು. ನನ್ನ ಮೊಮ್ಮಗಳು ಅಳುವ ದನಿಯಲ್ಲಿ ಕೂಗುವುದನ್ನು ಕೇಳುತ್ತಾ, ನಾನು ನೆಟ್ಟಗೆ ಮುಂದೆ ನೋಡಿಕೊಂಡು ಮಂಟಪದವರೆಗೆ ನಡೆದೆ.

ಮಂಟಪದ ಹತ್ತಿರ ಬಂದಾಗ ಸಾಹುಕಾರರು ನನ್ನ ಹೆಗಲ ಮೇಲೆ ಕೈ ಇಟ್ಟರು. "ಚಲೋ ಹಿಡದಿ ನೋಡಪಾ ಬೆಳಕು. ಒಬ್ಬರ ಕಾಲಿಗೂ ಕಲ್ಲು ತಾಕಲಿಲ್ಲ."

ಆ ಮಾತಿಗೆ ನನ್ನ ಎದೆ ಉಬ್ಬಿತು. ಹೇಳಲು ಈಗಲೂ ನಾಚಿಕೆಯಾಗುತ್ತದೆ, ಆದರೆ ಉಬ್ಬಿದ್ದು ಖರೆ. ಹುಡುಗನಿದ್ದಾಗ ಯಾವ ಮೆರವಣಿಗೆಯಲ್ಲೂ ಸಿಗದ ಶಹಭಾಸ್ ಅದು. ಹಲ್ಲು ಬಿಟ್ಟು ನಕ್ಕೆ. "ನಿಮ್ಮ ದಯಾ ರೀ" ಅಂದೆ. ಹಾಗೆ ನಗುತ್ತಲೇ ತಿರುಗಿದರೆ ಮಿತ್ರಾ ನಿಂತಿದ್ದಳು. ಕ್ಯಾಮೆರಾ ಎದೆಯ ಮೇಲೆ ನೇತಾಡುತ್ತಿತ್ತು. ಕೈ ಎರಡೂ ಕೆಳಗಿದ್ದವು.

ಹೆಣ್ಣಿನ ತಂದೆ ಖುಷಿಯಿಂದ ಬಂದರು. "ತೋರಸವಾ ತಂಗಿ, ನಮ್ಮವ್ವ ಸಕ್ಕರಿ ಹಾಕಿದ್ದು ತೋರಸು." ಅವಳು ಕ್ಯಾಮೆರಾದ ಸಣ್ಣ ಪರದೆ ಮುಂದೆ ಹಿಡಿದಳು. ಅವರು ಬಗ್ಗಿ ನೋಡಿದರು, ಕನ್ನಡಕ ಏರಿಸಿ ನೋಡಿದರು.

"ಇದೇನವಾ, ಇದ್ದಲಿ ಮೂಟಿ ತೋರಸಾಕತ್ತೀಯಲ್ಲ? ಇದರಾಗ ನಮ್ಮವ್ವ ಎಲ್ಲಿ ಅದಾಳ? ಬೀಗರೆಲ್ಲಿ ಅದಾರ?"

"ಬೆಳಕು ಕೈ ಕೊಟ್ಟಿತ್ರೀ ಕಾಕಾ. ಬ್ಯಾಟರಿ ಹಳೇದು. ನಂದ ತಪ್ಪು."

ಅವಳು ಹಾಗೆ ಹೇಳುವಾಗ ನನ್ನ ಕೈಯಲ್ಲಿ ದೀಪ ಝಗಝಗ ಉರಿಯುತ್ತಲೇ ಇತ್ತು. ಯಾರೂ ಅದರ ಕಡೆ ನೋಡುವ ಮೊದಲು ಗುಂಡಿ ಒತ್ತಿ ಆರಿಸಿದೆ. ಅಷ್ಟನ್ನು ಮಾತ್ರ ನಾನು ಜಾಣತನದಿಂದ ಮಾಡಿದೆ.

ನಾಳೆಗೆ ಲಿಂಗಸುಗೂರಿನ ಸ್ಟುಡಿಯೋದವರನ್ನು ಕರೆಸುತ್ತೇವೆ, ನೀವು ಊಟ ಮಾಡಿ ಹೋಗಿ ಅಂದರು. ನಾವು ಉಣ್ಣಲಿಲ್ಲ. ಲಿಂಗಸುಗೂರಿನ ಬಸ್ ಸ್ಟ್ಯಾಂಡ್ ಹತ್ತಿರ ಖಾಜಾ ಆಟೋ ನಿಲ್ಲಿಸಿ ಚಹಾ ತಂದ. ಮಿತ್ರಾ ಮುಟ್ಟಲಿಲ್ಲ.

"ಕೇಳಿಸಲಿಲ್ಲೇನು ತಾತ?" ಅಂದಳು.

"ಕೇಳಿಸ್ತು."

"ಮತ್ತ?"

ಖಾಜಾ ನಮ್ಮಿಬ್ಬರ ಮುಖ ನೋಡಿ, "ಅರೇ ಕಾಕಾ, ಫಿಕರ್ ನಕ್ಕೋ, ಚಿಂತಿ ಬಿಡು. ಚಾ ಕುಡಿ, ಆರಿ ಹೋಗಾಕತ್ತೈತಿ" ಅಂದ. ನಾನು ಟವೆಲ್ಲನ್ನು ಕಣ್ಣಿನವರೆಗೆ ಎಳೆದುಕೊಂಡೆ.

ಮರುದಿನ ಅವಳು ಮತ್ತೆ ಕೇಳಿದಳು. ಸಿಟ್ಟಿನಿಂದ ಅಲ್ಲ. ಸಿಟ್ಟಿನಿಂದ ಕೇಳಿದ್ದರೆ ತಪ್ಪಿಸಿಕೊಳ್ಳಬಹುದಿತ್ತು. ಹೇಳಲು ಬಾರದೆ ನಾನು ಅಂಗಳಕ್ಕೆ ಹೋದೆ, ಟವೆಲ್ ಸುತ್ತಿ ಸಿಂಬಿ ಮಾಡಿದೆ, ತುಂಬಿದ ಕೊಡವನ್ನು ತಲೆಯ ಮೇಲಿಟ್ಟುಕೊಂಡೆ. ಆಮೇಲೆ ಬಾಗಿಲಿನಿಂದ ಕಟ್ಟೆಯವರೆಗೆ ನಡೆದೆ, ಅಂದು ನಡೆಯುತ್ತಿದ್ದ ಹಾಗೆ. "ಈಗ ಕರಿ" ಅಂದೆ.

"ತಾತ" ಅಂದಳು.

ನಾನು ತಿರುಗಲಿಲ್ಲ. "ಮತ್ತ ಕರಿ."

"ತಾತ..." ಅನ್ನುವಾಗ ಅವಳ ದನಿ ಒಡೆಯಿತು. ನನ್ನ ತಲೆಯ ನೀರು ತುಳುಕಲಿಲ್ಲ. ಅಷ್ಟು ಚೆನ್ನಾಗಿ ಕಲಿಸಿದ್ದರು.

ಕೊಡ ಇಳಿಸುವಾಗ ನೋಡಿದರೆ ಬಾಗಿಲಲ್ಲಿ ನಾಗರಾಜ ನಿಂತಿದ್ದ. ಊಟಕ್ಕೆ ಬಂದಿದ್ದ. ಅವನಿಗೆ ಯಾರೂ ಏನೂ ಹೇಳಬೇಕಾಗಲಿಲ್ಲ. ಗೋಡೆಗೆ ಒರಗಿಸಿದ್ದ ದೀಪದ ಕೋಲು ನೋಡಿದ, ನನ್ನ ತಲೆಯ ಸಿಂಬಿ ನೋಡಿದ.

"ನಮ್ಮಪ್ಪನ ತಲಿ ಮ್ಯಾಲಿಂದ ಬತ್ತಿ ಇಳಿಸಾಕ ನಾ ಹಗಲು ರಾತ್ರಿ ಓದಿದೆ" ಅಂದ ಮಗಳಿಗೆ. "ನೀ ಮತ್ತ ಅವನ ಕೈಗೆ ಕೊಟ್ಟಿ."

"ಅಕಿ ಎಲ್ಲಿ ಕೊಟ್ಳು?" ದುರುಗಮ್ಮ ಒಳಗಿಂದಲೇ ಕೂಗಿದಳು. "ಇಂವ ಕುಣಕೊಂತ ಹೋಗ್ಯಾನ, ಮದುಮಗ ಹೋದಂಗ!"

ಯಾರೂ ನಗಲಿಲ್ಲ. ಬುದ್ಧ ಪೂರ್ಣಿಮೆಯ ಸಂಜೆಯ ಫೋಟೋ ತೆಗೆಯಲು ಮಿತ್ರಾ ಬರುತ್ತಾಳೆ ಅಂತ ನಾಗರಾಜನೇ ನಮ್ಮ ಮಂದಿಗೆ ಮಾತು ಕೊಟ್ಟಿದ್ದ. "ಅದೊಂದು ಮುಗಿಸು. ಆಮ್ಯಾಲೆ ಕ್ಯಾಮೆರಾ ನಿನ್ನ ಗೆಳತಿಗೆ ವಾಪಸ್ ಕೊಟ್ಟು ಬಾ" ಅಂದ. ಮಿತ್ರಾ ವಾದ ಮಾಡಲಿಲ್ಲ. ಹುಣ್ಣಿಮೆ ಬರುವತನಕ ನಾನು ಅವಳ ಕಣ್ಣಿಗೆ ಬೀಳದ ಹಾಗೆ ಓಡಾಡಿದೆ. ಅವಳು ಕಟ್ಟೆಗೆ ಬಂದರೆ ನಾನು ಹಿತ್ತಲಿಗೆ, ಅವಳು ಹಿತ್ತಲಿಗೆ ಬಂದರೆ ನಾನು ಚಹಾದ ಅಂಗಡಿಗೆ. ಅವಳೇ ನನ್ನ ತಾಟಿಗೆ ರೊಟ್ಟಿ ಹಾಕಿದಾಗ ರೊಟ್ಟಿಯನ್ನೇ ನೋಡುತ್ತಾ ಉಣ್ಣುತ್ತಿದ್ದೆ.

ಪೂರ್ಣಿಮೆಯ ಸಂಜೆ ಮಸ್ಕಿಯ ಶಾಸನದ ಗುಡ್ಡದ ಕಡೆಯ ಬಯಲಿನಲ್ಲಿ ಸೇರಿದೆವು. ಹೆಂಗಸರು, ಮಕ್ಕಳು, ನೌಕರಿಯವರು, ಕೂಲಿಯವರು, ಎಲ್ಲರೂ ಬಿಳಿ ಬಟ್ಟೆ. ಒಬ್ಬೊಬ್ಬರ ಕೈಯಲ್ಲೂ ಒಂದೊಂದು ಮೇಣದ ಬತ್ತಿ, ಮೇಣ ಕೈಗೆ ಸುರಿಯದಂತೆ ಕಾಗದದ ಲೋಟದ ತಳ ತೂತು ಮಾಡಿ ಸಿಗಿಸಿದ್ದು. ನಾನು ಅಭ್ಯಾಸದಂತೆ ದೀಪದ ಕೋಲು ತರಲು ಆಟೋದ ಕಡೆ ನಡೆದೆ. ಮಿತ್ರಾ ತಡೆದಳು.

"ಇವತ್ತು ಅದು ಬ್ಯಾಡ ತಾತ. ಎಲ್ಲಾರೂ ತಮ್ಮ ತಮ್ಮ ಬೆಳಕು ತಾವ ಹಿಡದಾರ. ನೀನೂ ಒಂದು ಹಿಡಕೋ." ನನ್ನ ಕೈಗೂ ಒಂದು ಕೊಟ್ಟಳು. ಗುರುಗುಂಟಾದ ಮೇಲೆ ಅವಳು ಅಷ್ಟು ಹತ್ತಿರ ನಿಂತದ್ದು ಅದೇ ಮೊದಲು.

ಸಾಲು ಹೊರಟಿತು. ನಾನು ಎಲ್ಲಿ ನಿಂತೆ ಹೇಳಿ? ಎಲ್ಲರಿಗಿಂತ ಮುಂದೆ, ಎಲ್ಲರಿಗೂ ಬೆನ್ನು ಮಾಡಿ. ಯಾರೂ ಹೇಳಿರಲಿಲ್ಲ, ಮತ್ತೆ ಕಾಲೇ ಹೋಗಿ ನಿಂತವು. ಹಿಂದೆ ಬುದ್ಧಂ ಶರಣಂ ಅನ್ನುವ ದನಿ ಎದ್ದಿತು. ಗುಡ್ಡದ ಕಡೆಯಿಂದ ಬಂದ ಬಿಸಿಗಾಳಿ ಎದುರಿಗೇ ಬಡಿದು ನನ್ನ ಬತ್ತಿ ಆರಿಹೋಯಿತು. ಕಡ್ಡಿ ಗೀರಿದೆ, ಆರಿತು. ಇನ್ನೊಂದು ಗೀರಿದೆ, ಅದೂ ಆರಿತು. ಗಾಳಿಗೆ ಬೆನ್ನು ಕೊಡದೆ ಬೇರೆ ದಾರಿ ಇರಲಿಲ್ಲ. ಗಾಳಿಗೆ ಬೆನ್ನು ಕೊಡಬೇಕೆಂದರೆ ತಿರುಗಬೇಕು.

ತಿರುಗಿದೆ.

ಅಷ್ಟು ಮುಖಗಳು ಒಮ್ಮೆಗೇ ನನ್ನ ಕಡೆ ಬರುವುದನ್ನು ನಾನು ಎಂದೂ ನೋಡಿರಲಿಲ್ಲ. ಒಂದೊಂದು ಮುಖದ ಕೆಳಗೂ ಒಂದೊಂದು ಸಣ್ಣ ಉರಿ. ಗಾಳಿಗೆ ಅಂಗೈ ಅಡ್ಡ ಹಿಡಿದದ್ದರಿಂದ ಬೆಳಕೆಲ್ಲ ಅವರವರ ಗಲ್ಲಕ್ಕೇ ಬಿದ್ದಿತ್ತು. ದುರುಗಮ್ಮ ಮಂತ್ರವನ್ನು ತಪ್ಪು ತಪ್ಪಾಗಿ ಹೇಳುತ್ತಾ ಬರುತ್ತಿದ್ದಳು. ಮಕ್ಕಳು ಮೇಣ ಬೀಳಿಸಿಕೊಂಡು ಕೈ ಊದಿಕೊಳ್ಳುತ್ತಿದ್ದರು. ಮೆರವಣಿಗೆ ಅಂದರೆ ಮುಂದಿನಿಂದ ನೋಡಿದರೆ ಹೀಗಿರುತ್ತದೆಯೇ ಅಂತ ನಾನು ಬಾಯಿ ತೆರೆದು ನಿಂತುಬಿಟ್ಟೆ.

ಸಾಲಿನ ಮುಂದೆ ನಾಗರಾಜ ಇದ್ದ. ನನ್ನ ಕೈಯ ಆರಿದ ಬತ್ತಿ ನೋಡಿ ಹತ್ತಿರ ಬಂದ. "ಹಿಡಿ ಅಪ್ಪಾ" ಅಂದು ತನ್ನ ಉರಿಯನ್ನು ನನ್ನದಕ್ಕೆ ತಾಗಿಸಿದ. ಗಾಳಿ ಬಿಡಲಿಲ್ಲ. ನಾವಿಬ್ಬರೂ ತಲೆ ತಲೆ ತಾಗುವಷ್ಟು ಬಗ್ಗಿ ಅಂಗೈಗಳಿಂದ ಗೂಡು ಮಾಡಿದೆವು. ಹೊತ್ತಿತು. ಅವನ ಮುಖ ಅಷ್ಟು ಹತ್ತಿರದಿಂದ ನೋಡಿ ಎಷ್ಟು ವರ್ಷವಾಗಿತ್ತೋ. ಕಿವಿಯ ಪಕ್ಕ ಕೂದಲು ನರೆತಿತ್ತು. ಅವನೂ ನನ್ನನ್ನೇ ನೋಡುತ್ತಿದ್ದ. ಪಕ್ಕದಲ್ಲಿ ಕ್ಯಾಮೆರಾ ಸಣ್ಣಗೆ ಚಿಟ್ ಅಂದಿತು.

ಮನೆಗೆ ಬಂದ ಮೇಲೆ ಮಿತ್ರಾ ಆ ಫೋಟೋ ತೋರಿಸಿದಳು. ನನ್ನ ಬಾಯಿ ತೆರೆದಿತ್ತು, ಮೂಗಿನ ತುದಿಯಲ್ಲಿ ಕಣ್ಣೀರು ಜೋತಿತ್ತು. ನನಗೆ ಸಂಕೋಚವಾಗಿ "ಅಳಿಸಿಬಿಡವಾ" ಅಂದೆ. ನಾಗರಾಜ ಫೋನು ಮುಂದೆ ಚಾಚಿ, "ಮೊದಲ ನಂಗ ಕಳಸು" ಅಂದ. ಅವನು ಅದನ್ನು ನೋಡಿದ, ಫೋನು ಆರಿಸಿದ, ಮತ್ತೆ ತೆರೆದು ನೋಡಿದ. ಉಂಡು ಕೈ ತೊಳೆದುಕೊಂಡು ಬಂದು ಮತ್ತೊಮ್ಮೆ ನೋಡಿದ. ಕ್ಯಾಮೆರಾ ವಾಪಸ್ ಕೊಡುವ ಮಾತನ್ನು ಅವನೂ ಎತ್ತಲಿಲ್ಲ, ಅವಳೂ ಎತ್ತಲಿಲ್ಲ.

ಸ್ವಲ್ಪ ದಿನಕ್ಕೆ ಸಾಲಗುಂದದಿಂದ ಕರೆ ಬಂತು, ಯಾರದೋ ನಿವೃತ್ತಿಯ ಸತ್ಕಾರ, ಶಾಲೆಯ ಬಯಲಿನಲ್ಲಿ. ಹೊರಡುವ ಹೊತ್ತಿಗೆ ಮಾಸ್ತರ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಆಟೋದಲ್ಲಿ ಮೊದಲೇ ಕೂತಿದ್ದ. ದೀಪದ ಕೋಲು ಅವನ ಮೊಣಕಾಲ ನಡುವೆ ಇತ್ತು.

"ಅಪ್ಪಗ ಕಣ್ಣು ಸರಿ ಕಾಣಂಗಿಲ್ಲ" ಅಂದ ಯಾರ ಮುಖವನ್ನೂ ನೋಡದೆ. "ಈ ಸಲ ನಾ ಹಿಡಿತೀನಿ."

"ಸರ್, ಹುಳ ಬರ್ತಾವು, ಟವಲ್ ತಗೋರಿ" ಅಂದ ಖಾಜಾ.

"ಟವಲ್ ಬ್ಯಾಡ" ಅಂದ ನಾಗರಾಜ.

ಇವತ್ತು ಮಿತ್ರಾಗೆ ಸಿಂಧನೂರಿನಲ್ಲಿ ತನ್ನದೇ ಒಂದು ಸಣ್ಣ ಸ್ಟುಡಿಯೋ ಇದೆ, ಒಳ್ಳೆಯ ಗಂಡ ಇದ್ದಾನೆ, ಈ ಬೆಣ್ಣೆ ಮುದ್ದೆ ಇದೆ. ನನ್ನ ಖುಷಿ ಹೊಟ್ಟೆಯಲ್ಲಿ ಹಿಡಿಯುವುದಿಲ್ಲ. ದಾರಿಯಲ್ಲಿ ಹೋಗುವವರನ್ನು ನಿಲ್ಲಿಸಿ ಕೂಸಿನ ಹೊಸ ಹಲ್ಲು ತೋರಿಸುತ್ತೇನೆ. ಆದರೂ ಗುರುಗುಂಟಾದ ಆ ಮನೆಯಲ್ಲಿ ಒಬ್ಬ ಅಜ್ಜಿ ಬೀಗರ ಬಾಯಿಗೆ ಸಕ್ಕರೆ ಹಾಕಿದ ಫೋಟೋ ಇಲ್ಲ. ಎಲ್ಲೇ ಹೋಗಲಿ, ಯಾರಾದರೂ ಮದುವೆಯ ಆಲ್ಬಮ್ ತೆರೆದರೆ ನಾನು ನೀರು ಕುಡಿಯುವ ನೆಪದಿಂದ ಎದ್ದುಹೋಗುತ್ತೇನೆ.

ಚುಚ್ಚುಮದ್ದಿನ ದಿನ ಸಂಜೆ ಕೂಸಿಗೆ ಸ್ವಲ್ಪ ಮೈ ಬಿಸಿಯಿತ್ತು, ಒಳಗೆ ಸೆಕೆಗೆ ಅಳುತ್ತಿತ್ತು. ಎತ್ತಿಕೊಂಡು ಅಂಗಳಕ್ಕೆ ಬಂದು, ಗೋಡೆಯ ಕಡೆ ಮುಖ ಮಾಡಿ ತೂಗುತ್ತಾ ನಿಂತಿದ್ದೆ. ಕತ್ತಲಾಗಿತ್ತು. ಹಿಂದೆ ಚಪ್ಪಲಿಯ ಸದ್ದಾಯಿತು. ನಾಗರಾಜ ದೀಪ ತಂದಿದ್ದ, ಬೆಳಕು ನನ್ನ ಬೆನ್ನ ಮೇಲೆ ಬಿತ್ತು.

"ತಾತ, ತಿರುಗು" ಅಂದಳು ಮಿತ್ರಾ.

ನನ್ನ ಕುತ್ತಿಗೆ ಎಂದಿನ ಹಾಗೆ ಬಿಗಿಯಿತು. ಆದರೆ ಹೆಗಲ ಮೇಲಿನ ಕೂಸು ಅಳು ನಿಲ್ಲಿಸಿ ಬೆಳಕಿನ ಕಡೆ ಕೈಚಾಚಿ ಜೀಕತೊಡಗಿತು. ಬಿಟ್ಟರೆ ಬಿದ್ದೇಬಿಡುತ್ತಿತ್ತು. ಅದು ಹೊರಳಿದ ಕಡೆ ನಾನೂ ಹೊರಳಬೇಕಾಯಿತು.